ಅಡಿಗಲ್ಲಿನ ತಾರೀಖು, ಗಾಡಿಯ ತಾರೀಖು

ಮೂವತ್ತು ವರ್ಷಗಳಿಗೂ ಮಿಕ್ಕು ಕಾಲೇಜಿನಲ್ಲಿ ಹಳಗನ್ನಡ ಕಾವ್ಯವನ್ನೂ ಶಾಸನಗಳನ್ನೂ ಪಾಠ ಹೇಳಿದವನಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಎಲ್ಲಿ ಅಕ್ಷರ ಕೆತ್ತಿದ ಕಲ್ಲು ಕಂಡರೂ ಕಾಲು ತಾನಾಗಿ ನಿಲ್ಲುತ್ತದೆ. ಗುಡಿಯ ಹಿಂದಿನ ವೀರಗಲ್ಲಾದರೇನು, ನೀರಿನ ಟಾಕಿಯ ಗೋಡೆಗೆ ಹಚ್ಚಿದ ಕರಿಯ ಹಲಗೆಯಾದರೇನು, ಓದಿ ಮುಗಿಸದೆ ಮುಂದೆ ಸಾಗಲು ಮನಸ್ಸು ಒಪ್ಪುವುದಿಲ್ಲ. ನನ್ನ ಹೆಂಡತಿ ಈಗ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು ಕಾಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಇಂದು ಕೇಳುಗರ ಮುಂದೆ ಇಡಬೇಕೆಂದಿರುವ ನಾಲ್ಕು ಮಾತುಗಳು ಈ ಚಟದಿಂದಲೇ ಹುಟ್ಟಿದವು. ಕಲಬುರಗಿ ನಗರದ ರೈಲು, ಬಸ್ಸು, ನೀರು ಇವುಗಳ ಚರಿತ್ರೆಯನ್ನು ಅವುಗಳ ಅಡಿಗಲ್ಲುಗಳಿಂದಲೇ ಓದಿ ತಿಳಿಯಬಹುದೆಂದು ನಾನು ಭಾವಿಸಿದ್ದೆ. ಓದುತ್ತ ಹೋದಂತೆ, ಆ ಕಲ್ಲುಗಳಲ್ಲಿ ಬರೆಯದೆ ಬಿಟ್ಟ ಸಂಗತಿಯೇ ಹೆಚ್ಚೆಂದು ತೋರಿತು.

ಮೊದಲು ಒಂದು ಹಳೆಯ ಕಲ್ಲಿನ ಮಾತು. ನಮ್ಮ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಇದೆ. ಕಲ್ಯಾಣದ ಚಾಲುಕ್ಯ ಅರಸು ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಅವನ ದಂಡನಾಯಕ ಮಧುಸೂದನ ಅಲ್ಲೊಂದು ಘಟಿಕಾಸ್ಥಾನವನ್ನು ಕಟ್ಟಿಸಿದ. 1058ರ ಶಾಸನ ಅದರ ವಿವರವನ್ನು ಹೇಳುತ್ತದೆ. ವೇದ ಓದುವ ವಿದ್ಯಾರ್ಥಿಗಳು ಇನ್ನೂರು. ಅವರಿಗೆ ಪಾಠ ಹೇಳುವ ಉಪಾಧ್ಯಾಯರು ಇಷ್ಟು ಮಂದಿ. ಶಾಸ್ತ್ರ ಹೇಳುವವರು ಇಷ್ಟು ಮಂದಿ. ಪುಸ್ತಕಗಳನ್ನು ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ. ಇವರ ಜೀವನಕ್ಕೆ ಬಿಟ್ಟ ಭೂಮಿಯ ಲೆಕ್ಕವೂ ಅಲ್ಲಿದೆ. ಕಟ್ಟಿಸಿದವನ ಹೊಗಳಿಕೆ ಬೇಕಾದಷ್ಟಿದೆ, ಅದನ್ನು ಬಿಟ್ಟು ಶಾಸನವೇ ಇಲ್ಲ. ಆದರೆ ಹೊಗಳಿಕೆ ಮುಗಿದ ಮೇಲೆ ಕಲ್ಲು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವವನು ಯಾರು, ಅವನ ಹೊಟ್ಟೆಗೆ ಏನು ಎಂಬುದನ್ನೂ ಹೇಳುತ್ತದೆ. ಕೆರೆಗಳ ಶಾಸನಗಳಲ್ಲಿಯೂ ಇದೇ ಕ್ರಮ. ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಕನ್ನಡ ಎಂ.ಎ. ಓದಿದವರ ಕಿವಿಗೆ ಬಿದ್ದಿರುತ್ತವೆ. ಕೆರೆಯನ್ನು ಕಟ್ಟುವುದಕ್ಕೆ, ಕಟ್ಟಿದ ಮೇಲೆ ಏರಿಯನ್ನು ಕಾಯುವುದಕ್ಕೆ, ಹೂಳು ತೆಗೆಯುವುದಕ್ಕೆ ಬಿಟ್ಟ ನೆಲ ಮತ್ತು ಆದಾಯ ಅದು. ಹೂಳು ಹೊರುವ ಬಂಡಿಗೆಂದೇ ಬಿಟ್ಟ ದತ್ತಿಯೂ ಕೆಲವು ಕಡೆ ಉಂಟು.

ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳಲು ನಾನು ಇದನ್ನು ಎತ್ತಿಕೊಂಡಿಲ್ಲ. ನಾಗಾವಿಯ ಘಟಿಕೆಯ ಬಾಗಿಲು ನನ್ನ ಅಜ್ಜನಂಥವನಿಗೆ ತೆರೆಯುತ್ತಿರಲಿಲ್ಲ. ಆ ಕೆರೆಗಳ ಮಣ್ಣನ್ನು ಬಿಟ್ಟಿಯಾಗಿ ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ನನ್ನ ಗಮನ ಇರುವುದು ಬರವಣಿಗೆಯ ಕ್ರಮದ ಮೇಲೆ ಮಾತ್ರ. ಇಂದಿನ ಅಡಿಗಲ್ಲಿನಲ್ಲಿ ತಾರೀಖು ಇರುತ್ತದೆ, ಅಮೃತಹಸ್ತ ಇರುತ್ತದೆ, ಘನ ಉಪಸ್ಥಿತಿ ಇರುತ್ತದೆ. ಕೆಲಸ ಮುಗಿದು ಜನರಿಗೆ ಒದಗಿದ ತಾರೀಖು ಅದರಲ್ಲಿ ಇರುವುದಿಲ್ಲ. ನಡೆಸುವವರ ಮಾತು ಮೊದಲೇ ಇಲ್ಲ.

ರೈಲಿನಿಂದಲೇ ಆರಂಭಿಸುತ್ತೇನೆ. ಕಲಬುರಗಿಗೆ ರೈಲು ಬಂದದ್ದು ಕಲಬುರಗಿಯವರು ಬೇಡಿದ್ದರಿಂದಲ್ಲ. ಮುಂಬಯಿಯ ಬಂದರನ್ನು ಮದರಾಸಿನ ಬಂದರಿಗೆ ಜೋಡಿಸಬೇಕೆಂಬುದು ಇಂಗ್ಲಿಷರ ಅಗತ್ಯವಾಗಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಸೊಲ್ಲಾಪುರದಿಂದ ಕೆಳಗಿಳಿದು, ನಮ್ಮ ಎರೆಭೂಮಿಯನ್ನು ಸೀಳಿಕೊಂಡು, 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯ ಹಳಿಯನ್ನು ಕೂಡಿತು. ಕಲಬುರಗಿ ಆ ದಾರಿಯಲ್ಲಿ ಸಿಕ್ಕ ಒಂದು ಊರು. ಮೂರು ವರ್ಷಗಳ ತರುವಾಯ, 1874ರಲ್ಲಿ, ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮ ಸರಕಾರದ ಹಣದಲ್ಲಿ ಮತ್ತೊಂದು ಹಳಿ ಬಿದ್ದಿತು. ಅದು ಹೈದರಾಬಾದಿನ ಅಗತ್ಯ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಬೀದರಿಗೂ ರೈಲು ಬಂದಿತು. ಅದೂ ವಿಕಾರಾಬಾದಿನ ಕಡೆಯಿಂದ, ಅಂದರೆ ಹೈದರಾಬಾದಿನ ಕಡೆಗೇ ಮುಖ ಮಾಡಿಕೊಂಡು. ಹೀಗೆ ಕಲಬುರಗಿಯಲ್ಲೂ ರೈಲು ಇತ್ತು, ಬೀದರಿನಲ್ಲೂ ರೈಲು ಇತ್ತು. ಒಂದರಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗುವ ರೈಲು ಮಾತ್ರ ಇರಲಿಲ್ಲ. ಹೋಗಲೇಬೇಕೆಂದರೆ ವಾಡಿಗೆ ಹೋಗಿ, ತಾಂಡೂರು ದಾಟಿ, ವಿಕಾರಾಬಾದಿನಲ್ಲಿ ತಿರುಗಿ, ತೆಲುಗು ನಾಡನ್ನೆಲ್ಲ ಸುತ್ತಿ ಬೀದರನ್ನು ಸೇರಬೇಕು.

ಈ ಎರಡು ಊರುಗಳ ಸಂಬಂಧವಾದರೂ ಎಂಥದು! 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ತಲೆಯೆತ್ತಿತು. ಮುಂದಿನ ಶತಮಾನದ ಮೊದಲ ಭಾಗದಲ್ಲಿ ಅಹಮದ್ ಶಾಹನ ಕಾಲಕ್ಕೆ ರಾಜಧಾನಿ ಬೀದರಿಗೆ ಹೊರಟುಹೋಯಿತು. ದಫ್ತರ, ಖಜಾನೆ, ಕವಿಗಳು, ಕುಶಲಕರ್ಮಿಗಳು ಎಲ್ಲರೂ ಈಶಾನ್ಯದ ಕಡೆಗೆ ನಡೆದರು. 1470ರ ಸುಮಾರಿಗೆ ಬಹಮನಿ ರಾಜ್ಯದಲ್ಲಿ ತಿರುಗಾಡಿದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಊರಿಂದೂರಿಗೆ ಇರುವ ದೂರವನ್ನು ದಿನಗಳಲ್ಲಿ ಲೆಕ್ಕ ಹಾಕಿ ಬರೆದಿಟ್ಟಿದ್ದಾನೆ. ಅಂಥ ಎರಡು ರಾಜಧಾನಿಗಳ ನಡುವೆ ಇದ್ದುದು 110 ಕಿಲೋಮೀಟರಿನಷ್ಟು ದಾರಿ. ಕಲಬುರಗಿಗೆ ಮೊದಲ ಗಾಡಿ ಬಂದು ಹೋದ ಕಾಲದಿಂದ ಲೆಕ್ಕ ಹಾಕಿದರೆ, ಆ ದಾರಿಗೆ ಹಳಿ ಬೀಳಲು 146 ವರ್ಷಗಳು ಹಿಡಿದವು.

ಆ ದಾರಿಯ ಮೇಲೆಯೇ ಕಮಲಾಪುರವಿದೆ. ಅದರ ಸಮೀಪದ ಒಂದು ಸಣ್ಣ ಊರು ನನ್ನದು. ಕಲಬುರಗಿಯಿಂದ ಹುಮನಾಬಾದಿನ ರಸ್ತೆಯಲ್ಲಿ ಹೊರಟರೆ ಮೊದಲು ಕಣ್ಣು ಹಾಯುವಷ್ಟೂ ತೊಗರಿಯ ಕರಿನೆಲ. ಕುರಿಕೋಟಾದ ಸೇತುವೆಯ ಮೇಲೆ ಬೆಣ್ಣೆತೊರೆಯನ್ನು ದಾಟಿ, ಮಹಾಗಾಂವ ಕ್ರಾಸನ್ನು ಹಿಂದೆ ಹಾಕಿದರೆ ಮಣ್ಣಿನ ಬಣ್ಣ ಬದಲಾಗುತ್ತದೆ; ಕೆಂಪು ಏರುತ್ತದೆ, ಗುಡ್ಡ ಕಾಣಿಸಿಕೊಳ್ಳುತ್ತದೆ. ಈ ಕೆಂಪು ನೆಲದಲ್ಲಿ ಕಮಲಾಪುರದ ಕೆಂಪು ಬಾಳೆ ಬೆಳೆಯುತ್ತದೆ. ಇಂದು ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಬೇರೆ ಬಾಳೆ ವರ್ಷಕ್ಕೆ ಕೈಗೆ ಬಂದರೆ ಇದು ಒಂದೂವರೆ ವರ್ಷ ಬೇಡುತ್ತದೆ. ಅಷ್ಟು ದಿನ ಕಾಯ್ದು ಕೊಯ್ದ ಮೇಲೆ ಒಂದು ವಾರವೂ ಕಾಯುವುದಿಲ್ಲ. ಹಣ್ಣಾಗುವ ಮೊದಲು ಅದು ಕಲಬುರಗಿಗೋ ಹೈದರಾಬಾದಿಗೋ ಮುಟ್ಟಬೇಕು. ಸಾರಿಗೆ ಎಂಬ ಮಾತಿನ ಅರ್ಥ ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ. ಬಸ್ಸಿನ ಮೇಲೆ ಗೊನೆ ಏರಿಸಲು ಕಂಡಕ್ಟರನನ್ನು ಒಲಿಸಿಕೊಳ್ಳುತ್ತಿದ್ದ ನನ್ನ ತಂದೆಯ ಮುಖದಿಂದ ಅದು ತಿಳಿಯಿತು. ಗೊನೆಯೂ ನಾನೂ ಒಂದೇ ಬಸ್ಸಿನಲ್ಲಿ ಹೋದ ದಿನಗಳುಂಟು, ಗೊನೆ ಮೇಲೆ, ನಾನು ಒಳಗೆ, ನಿಂತುಕೊಂಡು.

ಆ ಬಸ್ಸಿಗೂ ಒಂದು ಚರಿತ್ರೆಯಿದೆ, ಮತ್ತು ಅದು ನಮ್ಮ ಭಾಗದವರು ಸ್ವಲ್ಪ ಹೆಮ್ಮೆ ಪಡಬಹುದಾದ ಚರಿತ್ರೆ. ಸರಕಾರವೇ ಬಸ್ಸು ಓಡಿಸಬೇಕೆಂಬ ವಿಚಾರ ದೇಶದ ಬೇರೆಡೆ ಇನ್ನೂ ಬಲಿಯದಿದ್ದ ಕಾಲಕ್ಕೆ, 1932ರ ಜೂನಿನಲ್ಲಿ, ಹೈದರಾಬಾದ್ ಸಂಸ್ಥಾನದ ರೈಲು ಇಲಾಖೆ 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿತು. ರೈಲು ನಡೆಸುವವರೇ ಬಸ್ಸನ್ನೂ ನಡೆಸುತ್ತಿದ್ದರು. ಹಳಿ ಇಲ್ಲದ ಊರಿಗೆ ಬಸ್ಸು ಎಂಬ ಒಂದು ವಿವೇಕ ಅದರ ಹಿಂದೆ ಇತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದವರಾದೆವು, ಬಸ್ಸುಗಳೂ ಮೈಸೂರಿನವಾದವು. 1961ರಲ್ಲಿ ನಿಗಮವಾಯಿತು, 2000ದ ಆಗಸ್ಟ್ 15ರಂದು ಈಶಾನ್ಯ ಕರ್ನಾಟಕಕ್ಕೆ ಬೇರೆ ನಿಗಮವಾಗಿ ಅದರ ಕೇಂದ್ರ ಕಚೇರಿ ಕಲಬುರಗಿಗೇ ಬಂದಿತು, 2021ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು. ಬಸ್ಸಿನ ಮೈಮೇಲಿನ ಅಕ್ಷರಗಳು ಇಷ್ಟು ಸಲ ಬದಲಾದರೂ ನಮ್ಮ ಹಳ್ಳಿಯವರು ಅದನ್ನು ಎಂದೂ 'ಸರಕಾರಿ ಗಾಡಿ' ಎಂದೇ ಕರೆದರು. ನಿಗಮ, ಮಂಡಳಿ ಇವೆಲ್ಲ ಕಚೇರಿಯ ಭಾಷೆ. ಊರಿನ ಹೆಸರಿಗೂ ಹೀಗೆಯೇ ಆಯಿತು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿ ಆಯಿತೆಂದು ಪತ್ರಿಕೆಗಳು ಬರೆದವು. ನನ್ನ ತಾಯಿ ಹುಟ್ಟಿದಾಗಿನಿಂದ ಕಲಬುರ್ಗಿ ಎಂದೇ ಅನ್ನುತ್ತಿದ್ದಳು.

ರೈಲಿನ ಮಾತಿಗೆ ತಿರುಗುತ್ತೇನೆ. ಕಲಬುರಗಿ-ಬೀದರ ಹಳಿ ಮಂಜೂರಾದದ್ದು ತೊಂಬತ್ತರ ದಶಕದ ಕೊನೆಗೆ. ಆಗ ಅಂದಾಜು ಮಾಡಿದ ಖರ್ಚು ಸುಮಾರು 370 ಕೋಟಿ ರೂಪಾಯಿ. ಸ್ಟಾಫ್ ರೂಮಿನಲ್ಲಿ ನಾವು ಪತ್ರಿಕೆ ಬಿಚ್ಚಿ ಓದಿ, ಐದು ವರ್ಷದಲ್ಲಿ ಗಾಡಿ ಬಂದೀತೆಂದು ಲೆಕ್ಕ ಹಾಕಿದೆವು. ಐದು ಹತ್ತಾಯಿತು. ಬೀದರಿನ ಕಡೆಯಿಂದ ಹುಮನಾಬಾದಿನವರೆಗಿನ ತುಂಡು ಮೊದಲು ಸಿದ್ಧವಾಯಿತು. ನಮ್ಮ ಕಡೆಯ ಗುಡ್ಡ ಮಾತ್ರ ಜಗ್ಗಲಿಲ್ಲ. ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಉದ್ದವಾದ ಸುರಂಗವನ್ನು ಕೊರೆಯಬೇಕಾಗಿತ್ತು. ಹಣ ಒಂದು ವರ್ಷ ಇಷ್ಟು, ಇನ್ನೊಂದು ವರ್ಷ ಅಷ್ಟು ಎಂದು ಹನಿಹನಿಯಾಗಿ ಬರುತ್ತಿತ್ತು. ಹಾಗೆ ಹನಿಯಾಗಿ ಬಂದ ಹಣದಿಂದ ಕೆಲಸ ನಿಧಾನವಾಗುತ್ತದೆ, ನಿಧಾನವಾದುದರಿಂದ ಸಿಮೆಂಟು ಕಬ್ಬಿಣದ ಬೆಲೆ ಏರುತ್ತದೆ, ಬೆಲೆ ಏರಿದ್ದರಿಂದ ಬಂದ ಹಣ ಮತ್ತೂ ಸಾಲದಾಗುತ್ತದೆ. ಕೊನೆಗೆ 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿಯವರು ಬೀದರಿನಲ್ಲಿ ಮಾರ್ಗವನ್ನು ಉದ್ಘಾಟಿಸಿದಾಗ ಖರ್ಚು ಸುಮಾರು 1,542 ಕೋಟಿಯಾಗಿತ್ತು, ಎಂದರೆ ಮೊದಲಿನ ಅಂದಾಜಿನ ನಾಲ್ಕು ಪಟ್ಟು. ಮಂಜೂರು ಮಾಡಿದವರು ಯಾರು, ಹಣ ಕೊಟ್ಟವರು ಯಾರು, ಮುಗಿಸಿದವರು ಯಾರು ಎಂದು ಆಗ ನಡೆದ ವಾಗ್ವಾದ ಕೇಳುಗರಿಗೆ ನೆನಪಿರಬಹುದು. ಇಪ್ಪತ್ತು ವರ್ಷ ಕಾಯ್ದವರು ಯಾರು ಎಂಬ ಪ್ರಶ್ನೆಯನ್ನು ಆ ವಾಗ್ವಾದದಲ್ಲಿ ಯಾರೂ ಕೇಳಲಿಲ್ಲ.

ನನ್ನ ಅಕ್ಕ ಅವರಲ್ಲಿ ಒಬ್ಬಳು. ಹಳಿ ಮಂಜೂರಾದಾಗ ಆಕೆಗೆ ನಲವತ್ತೈದರ ಸುಮಾರು. ಗಾಡಿ ಬಂದಾಗ ಅರವತ್ತೈದು. ಮೊದಲ ವಾರದಲ್ಲೇ ಆಕೆಯನ್ನು ಕರೆದುಕೊಂಡು ಕಮಲಾಪುರದ ನಿಲ್ದಾಣಕ್ಕೆ ಹೋದೆ. ಊರ ಹೊರಗಿನ ಹೊಸ ನಿಲ್ದಾಣ, ಸುಣ್ಣದ ವಾಸನೆ ಆರಿರಲಿಲ್ಲ. ಡೆಮು ಗಾಡಿ ಬಂದು ನಿಂತಾಗ ಅಕ್ಕ ಅದರ ಮೈ ಮುಟ್ಟಿ ಹಣೆಗೆ ಕೈ ಹಚ್ಚಿಕೊಂಡಳು. ತಾಜಸುಲ್ತಾನಪುರ ದಾಟಿ ಕಲಬುರಗಿಯಲ್ಲಿ ಇಳಿಯುವ ತನಕ ಕಿಟಕಿ ಬಿಡಲಿಲ್ಲ. ತಾನು ಐವತ್ತು ವರ್ಷ ರಸ್ತೆಯ ಮೇಲಿಂದ ನೋಡಿದ ಹೊಲಗಳನ್ನೇ ಬೆನ್ನಿನ ಕಡೆಯಿಂದ ನೋಡುತ್ತಿದ್ದೇನೆಂದು ನಕ್ಕಳು.

ಈಚಿನ ವರ್ಷಗಳಲ್ಲಿ ಆಕೆ ತಿಂಗಳಿಗೆ ಎರಡು ಸಲ ಕಲಬುರಗಿಯ ದವಾಖಾನೆಗೆ ಬರಬೇಕಾಗಿದೆ. ಒಮ್ಮೆಯೂ ರೈಲಿನಲ್ಲಿ ಬಂದಿಲ್ಲ. ಯಾಕೆಂದು ಕೇಳಿದೆ. "ಗಾಡಿ ಬಂತು ಖರೇ ತಮ್ಮಾ, ನನ್ನ ಹೊತ್ತಿಗೆ ಬರಲಿಲ್ಲ ನೋಡು" ಎಂದಳು. ಡಾಕ್ಟರು ಕುಳಿತುಕೊಳ್ಳುವ ಹೊತ್ತು ಬೇರೆ, ಗಾಡಿಯ ಹೊತ್ತು ಬೇರೆ. ಊರಿಂದ ನಿಲ್ದಾಣಕ್ಕೆ ಹೋಗಲು ಆಟೋಕ್ಕೆ ಕೊಡುವ ದುಡ್ಡು ರೈಲಿನ ಟಿಕೀಟಿಗಿಂತ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಆಕೆಯ ಲೆಕ್ಕ ಇನ್ನೂ ಸುಲಭವಾಯಿತು. ಮನೆಯ ಮುಂದಿನ ರಸ್ತೆಗೆ ಬಂದು ನಿಂತರೆ ಬಸ್ಸು. ಗಾಡಿ ತುಂಬಿರುತ್ತದೆ, ನಿಂತು ಬರಬೇಕಾಗುತ್ತದೆ. ಆದರೆ ಮಗನ ಮುಂದೆ ಕೈ ಚಾಚಬೇಕಾಗಿಲ್ಲ. ಸಾವಿರದೈನೂರು ಕೋಟಿಯ ಹಳಿ ವ್ಯರ್ಥವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬೀದರಿನಿಂದ ಕಲಬುರಗಿಗೆ ಓದಲು ಬರುವ ಹುಡುಗರಿಗೆ, ದೂರದ ಊರಿಗೆ ಹೋಗುವವರಿಗೆ ಅದರ ಉಪಯೋಗ ದೊಡ್ಡದು. ಹಳಿ ಹಾಕುವುದು ಒಂದು ಕೆಲಸ, ವೇಳಾಪಟ್ಟಿಯನ್ನು ಜನರ ದಿನಚರಿಗೆ ಹೊಂದಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಅಡಿಗಲ್ಲು ಇಡುತ್ತಾರೆ. ಎರಡನೆಯದಕ್ಕೆ ಇಡಲು ಕಲ್ಲಿಲ್ಲ.

ಉಳಿದ ಕಲ್ಲುಗಳ ಮಾತನ್ನು ಬೇಗ ಮುಗಿಸುತ್ತೇನೆ. ಕಲಬುರಗಿಗೆ ಒಂದು ರೈಲ್ವೆ ವಿಭಾಗ ಬೇಕೆಂದು ಸರೀನ್ ಸಮಿತಿ 1984ರಲ್ಲಿಯೇ ಶಿಫಾರಸು ಮಾಡಿತ್ತು. ನಮ್ಮ ಜಿಲ್ಲೆಯವರೇ ಆದ ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ, 2014ರಲ್ಲಿ, ಅದಕ್ಕೆ ಅಡಿಗಲ್ಲೂ ಬಿದ್ದಿತು. ನಿಲ್ದಾಣ ಇಂದಿಗೂ ಸೊಲ್ಲಾಪುರ ವಿಭಾಗದ್ದೇ. ಶ್ರೀನಿವಾಸ ಸರಡಗಿಯ ಬಳಿಯ ವಿಮಾನ ನಿಲ್ದಾಣಕ್ಕೆ 2008ರ ಜೂನಿನಲ್ಲಿ ಯಡಿಯೂರಪ್ಪನವರು ಅಡಿಗಲ್ಲು ಇಟ್ಟರು. 2019ರ ನವೆಂಬರ್ 22ರಂದು ಅವರೇ ಮತ್ತೆ ಮುಖ್ಯಮಂತ್ರಿಯಾಗಿ ಬಂದು ಉದ್ಘಾಟಿಸಿದರು. ನಡುವೆ ರಾಜ್ಯ ಎಷ್ಟು ಮುಖ್ಯಮಂತ್ರಿಗಳನ್ನು ಕಂಡಿತೆಂದು ಎಣಿಸುವುದನ್ನು ಕೇಳುಗರಿಗೆ ಬಿಡುತ್ತೇನೆ. 2024ರ ಮಾರ್ಚ್ 12ರಂದು ಬೆಂಗಳೂರಿಗೆ ವಂದೇ ಭಾರತ್ ಗಾಡಿ ಹೊರಟಿತು. ಕಮಲಾಪುರವೂ 2018ರಲ್ಲಿ ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಪಹಣಿಗಾಗಿ ಕಲಬುರಗಿಗೆ ಬಂದು ದಿನವಿಡೀ ಕೂಡುತ್ತಿದ್ದ ನನ್ನ ತಂದೆ ಅದನ್ನು ನೋಡಲು ಇರಲಿಲ್ಲ.

ನೀರಿನ ಮಾತನ್ನು ಮಾತ್ರ ಬೇಗ ಮುಗಿಸಲಾಗದು. ಭೋಸಗಾದ ಕೆರೆ ಹಿಂದೆ ಈ ನಗರದ ಬಾಯಾರಿಕೆಯನ್ನು ತಣಿಸುತ್ತಿತ್ತು. ಊರು ಬೆಳೆದು ಅದು ಸಾಲದಾದ ಮೇಲೆ ಸರಡಗಿಯ ಬಳಿ ಭೀಮೆಯಿಂದ, ಕುರಿಕೋಟಾದ ಕಡೆ ಬೆಣ್ಣೆತೊರೆಯಿಂದ ನೀರು ತಂದರು. ನಾನು ಹುಡುಗನಾಗಿದ್ದಾಗ ಬಸ್ಸಿನ ಕಿಟಕಿಯಿಂದ ನಾಣ್ಯ ಎಸೆದ ಹೊಳೆಯ ನೀರೇ ಈಗ ನನ್ನ ಮನೆಯ ನಳದಲ್ಲಿ ಬರುತ್ತದೆ. ಭೀಮೆಯದು ಮಾತ್ರ ಪರಾಧೀನ ಹರಿವು. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ಕೆಳಗೆ ಬೇಸಿಗೆಯಲ್ಲಿ ಅದು ಹೊಳೆಯೋ ಮರಳ ದಾರಿಯೋ ಎಂದು ಅನುಮಾನ ಬರುತ್ತದೆ.

ವಿಶ್ವ ಬ್ಯಾಂಕಿನ ಸಾಲದಿಂದ 2004ರ ಸುಮಾರಿಗೆ ಆರಂಭವಾದ ಒಂದು ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವೇ ವಾರ್ಡುಗಳನ್ನು ಆರಿಸಿಕೊಂಡು, ಅಲ್ಲಿ ದಿನದ ಇಪ್ಪತ್ತನಾಲ್ಕು ತಾಸೂ ನಳದಲ್ಲಿ ನೀರು ಬರುವಂತೆ ಮಾಡಿ ತೋರಿಸಿದರು. ಹಳೆಯ ಕೊಳವೆಗಳನ್ನು ತೆಗೆದು ಹೊಸದನ್ನು ಹೂಳುವುದು, ಸೋರುವ ಜಾಗವನ್ನು ಹುಡುಕಿ ಮುಚ್ಚುವುದು, ಮನೆಮನೆಗೆ ಮೀಟರು ಕೂಡಿಸುವುದು, ಇಷ್ಟೇ ಅದರ ಮರ್ಮ. ಕೊಳವೆಯಲ್ಲಿ ಸದಾ ಒತ್ತಡ ಇದ್ದರೆ ಹೊರಗಿನ ಹೊಲಸು ಒಳಗೆ ಸೇರುವುದಿಲ್ಲ. ಸದಾ ನೀರು ಬರುತ್ತದೆಂಬ ನಂಬಿಕೆಯಿದ್ದರೆ ಜನ ಹಂಡೆ ಕೊಡಗಳಲ್ಲಿ ತುಂಬಿಟ್ಟು ಮರುದಿನ ಚೆಲ್ಲುವುದಿಲ್ಲ. ಇಡೀ ನಗರಕ್ಕೆ ಅದನ್ನು ಹಬ್ಬಿಸುವ ಎರಡನೆಯ ಯೋಜನೆಗೆ 2016ರಲ್ಲಿ ಬ್ಯಾಂಕಿನ ಒಪ್ಪಿಗೆ ಸಿಕ್ಕಿತು. ಅಂದರೆ, ಮಾಡಿ ತೋರಿಸಿದ್ದಕ್ಕೂ ಎಲ್ಲರಿಗೆ ಮಾಡುತ್ತೇವೆಂದುದಕ್ಕೂ ನಡುವೆ ಹಲವು ವರ್ಷಗಳ ಅಂತರ. ಈ ಅವಧಿಯಲ್ಲಿ ಒಂದು ಊರಿನೊಳಗೆ ಎರಡು ಬಗೆಯ ಕಾಲಗಳು ಓಡಿದವು. ರಸ್ತೆಯ ಆಚೆ ನಳ ತಿರುವಿದರೆ ನೀರು, ಈಚೆ ನಾಲ್ಕೈದು ದಿನಕ್ಕೊಮ್ಮೆ. ಆಚೆಯ ಹುಡುಗಿ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋದಳು, ಈಚೆಯವಳು ನೀರು ಬಂದ ದಿನ ತಡವಾಗಿ ಹೋದಳು.

ನಮ್ಮ ಓಣಿ ಈಚೆಯದು. ನೀರು ಬರುವ ದಿನ ಮನೆಯಲ್ಲಿ ಯಾರೂ ಹೊರಗೆ ಹೋಗುವಂತಿಲ್ಲ. ಹೆಂಡತಿ ನಸುಕಿನಲ್ಲೆದ್ದು ನಳದ ಬಾಯಿಗೆ ಕಿವಿ ಕೊಟ್ಟು ಗಾಳಿಯ ಸಿಳ್ಳು ಬರುವುದೋ ಎಂದು ನೋಡುತ್ತಾಳೆ. ಸಿಳ್ಳು ಬಂದರೆ ಹತ್ತು ನಿಮಿಷದಲ್ಲಿ ನೀರು.

ಹೋದ ವರ್ಷ ಒಂದು ಸಂಜೆ ಓಣಿಯ ಮೂಲೆಯಲ್ಲಿ ನೀರು ಬಿಡುವವನು ವಾಲ್ವಿನ ಗುಂಡಿಯ ಮುಂದೆ ಕುಳಿತು ಜೇಬಿನ ಸಣ್ಣ ನೋಟುಬುಕ್ಕಿನಲ್ಲಿ ಏನೋ ಬರೆಯುತ್ತಿದ್ದ. ನನ್ನ ಚಟ ನಿಮಗೆ ಗೊತ್ತೇ ಇದೆ. ತೋರಿಸಪ್ಪಾ ಎಂದೆ. ಮೊದಲು ಸಂಕೋಚಪಟ್ಟು, ಮೇಷ್ಟ್ರೆಂದು ತಿಳಿದ ಮೇಲೆ ಕೊಟ್ಟ. ಪ್ರತಿ ಪುಟದಲ್ಲೂ ಓಣಿಯ ಹೆಸರು, ತಾರೀಖು, ಬಿಟ್ಟ ಹೊತ್ತು, ಮುಚ್ಚಿದ ಹೊತ್ತು. ಕೆಲವು ಕಡೆ 'ಕರೆಂಟ್ ಇಲ್ಲ', 'ಪೈಪ್ ಒಡೆದಿದೆ', ಒಂದು ಕಡೆ 'ಮದುವಿ ಮನಿ, ಅರ್ಧ ತಾಸು ಜಾಸ್ತಿ'. ಅಕ್ಷರ ದುಂಡಗಿತ್ತು. ಕಚೇರಿಯಲ್ಲಿ ಇದನ್ನು ಕೇಳುತ್ತಾರೆಯೇ ಎಂದೆ.

"ಇಲ್ರಿ ಸರ್, ಯಾರೂ ಕೇಳೂದಿಲ್ಲ. ಜನ ಜಗಳಕ್ಕ ಬಂದ್ರ ತೋರಸ್ಲಿಕ್ಕ ಬೇಕಾಗ್ತದ" ಎಂದ.

ಇಂಥವು ಹಳೆಯವು ಇವೆಯೇ ಎಂದು ಕೇಳಿದೆ. ಹನ್ನೊಂದು ವರ್ಷದ್ದು ಮನೆಯಲ್ಲಿ ಒಂದು ಡಬ್ಬಿಯಲ್ಲಿ ಇವೆಯಂತೆ. ಹೆಂಡತಿ ರದ್ದಿಗೆ ಹಾಕೋಣ ಅನ್ನುತ್ತಾಳಂತೆ. ಹಾಕಬೇಡ, ನನಗೆ ಕೊಡು ಎಂದೆ. ಆತ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ತಮಾಷೆಯಲ್ಲವೆಂದು ಖಾತ್ರಿ ಮಾಡಿಕೊಂಡು, ಪುಟ ತಿರುವಿ ನಮ್ಮ ಓಣಿಯ ಸರದಿಯನ್ನು ಹುಡುಕಿದ.

"ನಿಮ್ಮದು ಗುರುವಾರ ಅದರಿ, ನಸುಕಿನ ನಾಕಕ್ಕ. ಅವತ್ತೇ ತಂದು ಕೊಡ್ತೀನ್ರಿ" ಎಂದ.

ಗುರುವಾರ ನಾಲ್ಕೂ ಹತ್ತಕ್ಕೆ ನೀರು ಬಂದಿತು. ಡಬ್ಬಿಯೂ ಬಂದಿತು.